ಒಂದು ಬೈಟ್ ಕೇಳಿದರೆ ಒಂದು ಬುಟ್ಟಿ ಬರುತ್ತದೆ

ಪರದೆಯ ಮೇಲೆ ಈಗ ಒಂದೇ ಒಂದು ಪದ ಕಾಣುತ್ತಿದೆ: ಕನ್ನಡ. ನಿನ್ನೆ ರಾತ್ರಿ ಊಟ ಮುಗಿಸಿ ಇದನ್ನು ಟೈಪ್ ಮಾಡಿ, ಫೈಲ್‌ಗೆ ಒಂದು ಹೆಸರು ಕೊಟ್ಟು, ಲ್ಯಾಪ್‌ಟಾಪ್ ಆಫ್ ಮಾಡಿ ಮಲಗಿದೆ. ಈಗ ನಿಮ್ಮ ಎದುರಿಗೇ ಆನ್ ಮಾಡಿದೆ, ಫೈಲ್ ತೆರೆದೆ, ಪದ ಬಂತು. ರಾತ್ರಿಯಿಡೀ ಅದು ಎಲ್ಲೋ ಇತ್ತು, ಈಗ ಇಲ್ಲಿದೆ. ಹೇಗೆ ಬಂತು, ಬರುವಾಗ ಜೊತೆಗೆ ಯಾರನ್ನೆಲ್ಲ ಕರೆದುಕೊಂಡು ಬಂತು, ಅದೇ ಇವತ್ತಿನ ಮಾತು.

ಮೊದಲು ಲೆಕ್ಕ. ಈ ಪದದಲ್ಲಿ ಎಷ್ಟು ಅಕ್ಷರ? ಮೂರು ಅಂತ ಮುಂದಿನ ಸಾಲಿನಿಂದ ಉತ್ತರ ಬಂತು. ನಮ್ಮ ಲೆಕ್ಕದಲ್ಲಿ ಮೂರೇ. ಕಂಪ್ಯೂಟರ್ ಲೆಕ್ಕದಲ್ಲಿ ಐದು: ಕ, ನ, ಒತ್ತಕ್ಷರ ಮೂಡಿಸುವ ಒಂದು ಗುರುತು, ಮತ್ತೆ ನ, ಆಮೇಲೆ ಡ. ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಗುರುತಿಗೂ 3 ಬೈಟ್ ಬೇಕು. ಬೈಟ್ ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ; ಒಳಗೆ ಅದು ಎಂಟು ಬಿಟ್, ಅಂದರೆ ಎಂಟು 0 ಅಥವಾ 1. ಒಟ್ಟು 15. ಕ ಅಂದರೆ 224, 178, 149. ಡ ಅಂದರೆ 224, 178, 161. ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಮೊದಲ ಬೈಟ್ 224, ಎರಡನೆಯದು 178 ಇಲ್ಲವೇ 179. ಮನೆತನದ ಹೆಸರು ಅಂಟಿಸಿಕೊಂಡು ಹುಟ್ಟಿದ ಹಾಗೆ.

ಈಗ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್‌ಗೆ ಆ ಮೊದಲ 224 ಮಾತ್ರ ಬೇಕು ಅಂದುಕೊಳ್ಳಿ. ಒಂದೇ ಬೈಟ್. ಸುಮ್ನೆ ಹೋಗಿ ಅದೊಂದನ್ನು ಎತ್ತಿಕೊಂಡು ಬರುತ್ತದೆ ಅಂತಲೇ ನಾನು ಕಾಲೇಜಿನಲ್ಲಿದ್ದಾಗ ನಂಬಿದ್ದೆ. ಪುಸ್ತಕದ ಚಿತ್ರವೂ ಹಾಗೇ ಇತ್ತು. ಸಾಲಾಗಿ ಡಬ್ಬಿಗಳು, ಪ್ರತಿ ಡಬ್ಬಿಗೂ ಒಂದು ನಂಬರ್, ನಂಬರ್ ಹೇಳಿದರೆ ಡಬ್ಬಿ ತೆರೆದುಕೊಳ್ಳುತ್ತದೆ. ಚಿತ್ರ ಸುಳ್ಳಲ್ಲ. ಆದರೆ ನಿಜವಾದ ಯಂತ್ರದಲ್ಲಿ ಒಂದು ಬೈಟನ್ನು ಒಂಟಿಯಾಗಿ ಯಾರೂ ಹೊತ್ತು ತರುವುದಿಲ್ಲ. ಒಂದು ಕೇಳಿದರೆ ಬುಟ್ಟಿಗಟ್ಟಲೆ ಬರುತ್ತದೆ. ಎತ್ತಿಕೊಳ್ಳುವುದಕ್ಕೆ ಖರ್ಚು ಕಡಿಮೆ, ಹೋಗಿ ಬರುವುದಕ್ಕೇ ಜಾಸ್ತಿ.

ಎಷ್ಟು ಜಾಸ್ತಿ? ಇಲ್ಲಿ ನ್ಯಾನೊಸೆಕೆಂಡ್ ಲೆಕ್ಕ ಬರುತ್ತದೆ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ಹೊತ್ತಿನಲ್ಲಿ ಬೆಳಕು 30 ಸೆಂಟಿಮೀಟರ್ ಹೋಗುತ್ತದೆ, ಮಕ್ಕಳ ಕಂಪಾಸ್ ಬಾಕ್ಸ್‌ಗೆ ಹಿಡಿಸದ ದೊಡ್ಡ ಸ್ಕೇಲ್‌ನಷ್ಟು. ಅಮೆರಿಕದ ನೌಕಾಪಡೆಯಲ್ಲಿದ್ದ ಗ್ರೇಸ್ ಹಾಪರ್ ತಮ್ಮ ಭಾಷಣಗಳಿಗೆ ಅಷ್ಟುದ್ದದ ತಂತಿ ತುಂಡುಗಳನ್ನು ತಂದು, ಇದೇ ನ್ಯಾನೊಸೆಕೆಂಡ್ ಅಂತ ಜನರ ಕೈಗೆ ಕೊಡುತ್ತಿದ್ದರು. ನಾನು ತಂತಿ ತಂದಿಲ್ಲ. ಬನ್ನಿ, ಅಡುಗೆಮನೆಗೆ ಹೋಗೋಣ. ಅಲ್ಲಿ ಒಂದು ನ್ಯಾನೊಸೆಕೆಂಡನ್ನು ಒಂದು ಸೆಕೆಂಡ್ ಅಂತ ಹಿಗ್ಗಿಸಿಕೊಳ್ಳೋಣ.

ಒಗ್ಗರಣೆಗೆ ಎಣ್ಣೆ ಕಾದಿದೆ. ಸಾಸಿವೆ ಬೇಕು. ಪಕ್ಕದಲ್ಲೇ ಒಗ್ಗರಣೆ ಡಬ್ಬಿ ಇದೆ, ಕೈ ಹಾಕಿದಿರಿ, ಒಂದು ಸೆಕೆಂಡ್. ಇದು ಪ್ರೊಸೆಸರ್‌ನ ಒಳಗೇ ಇರುವ ಎಲ್1 ಕ್ಯಾಶ್. ಕ್ಯಾಶ್ ಅಂದರೆ ಇಲ್ಲಿ ದುಡ್ಡಲ್ಲ, ಕೈಗೆಟುಕುವ ಹಾಗೆ ಇಟ್ಟುಕೊಂಡ ಸಾಮಾನು. ಡಬ್ಬಿಯಲ್ಲಿ ಸಾಸಿವೆ ಖಾಲಿ. ಮೇಲಿನ ಶೆಲ್ಫಿನಿಂದ ದೊಡ್ಡ ಡಬ್ಬ ಇಳಿಸಬೇಕು, ನಾಲ್ಕೈದು ಸೆಕೆಂಡ್. ಅದು ಎಲ್2. ಅಲ್ಲೂ ಇಲ್ಲದಿದ್ದರೆ ಪಕ್ಕದ ಉಗ್ರಾಣ, ಹತ್ತಿಪ್ಪತ್ತು ಸೆಕೆಂಡ್, ಎಲ್3. ಅಲ್ಲೂ ಇಲ್ಲ ಅಂದರೆ ಬೀದಿ ಕೊನೆಯ ದಿನಸಿ ಅಂಗಡಿಗೆ ಓಡಬೇಕು. ಒಂದೂವರೆ ನಿಮಿಷ. ಅದು ರ್ಯಾಮ್, ಕೆಲಸ ನಡೆಯುವಾಗ ಕಂಪ್ಯೂಟರ್ ಬಳಸುವ ಮೆಮೊರಿ. ನಿಜದಲ್ಲಿ 80ರಿಂದ 100 ನ್ಯಾನೊಸೆಕೆಂಡ್. ಅಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತದೆ.

ಅಂಗಡಿಯಲ್ಲೂ ಸಾಸಿವೆ ಇಲ್ಲ. ಮುಂದಿನದು ಎಸ್‌ಎಸ್‌ಡಿ, ಪವರ್ ಹೋದರೂ ಫೈಲ್‌ಗಳು ಉಳಿಯುವ ಜಾಗ. ಅದರಿಂದ ಓದಲು 100 ಮೈಕ್ರೊಸೆಕೆಂಡ್, ಅಂದರೆ ಒಂದು ಲಕ್ಷ ನ್ಯಾನೊಸೆಕೆಂಡ್ ಅಂತ ಇಟ್ಟುಕೊಂಡರೆ ಅಡುಗೆಮನೆ ಲೆಕ್ಕದಲ್ಲಿ ಇಪ್ಪತ್ತೇಳು ಮುಕ್ಕಾಲು ಗಂಟೆ. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಕೆಲಸ ಮುಗಿಸಿ, ಮತ್ತೆ ರಾತ್ರಿ ಬಸ್ಸಿಗೆ ವಾಪಸ್ ಬಂದ ಹಾಗೆ. ಇನ್ನು ತಿರುಗುವ ಹಾರ್ಡ್ ಡಿಸ್ಕ್ ಇದೆಯಲ್ಲ, ಅದರ 10 ಮಿಲಿಸೆಕೆಂಡ್, ಅಂದರೆ ಒಂದು ಕೋಟಿ ನ್ಯಾನೊಸೆಕೆಂಡ್, ನಮ್ಮ ಲೆಕ್ಕದಲ್ಲಿ 115 ದಿನ. ಹೆಚ್ಚುಕಡಿಮೆ ನಾಲ್ಕು ತಿಂಗಳು. ಹೊಲ ಉತ್ತು, ಸಾಸಿವೆ ಬಿತ್ತಿ, ಕೊಯ್ದು, ಒಕ್ಕಣೆ ಮಾಡಿ ತಂದ ಹಾಗೆ. ಒಗ್ಗರಣೆ ಬಾಣಲೆ ಮಾತ್ರ ಒಲೆ ಮೇಲೇ ಕಾಯುತ್ತಾ ಇದೆ.

ಈಗ ನೀವೇ ಹೇಳಿ. ಬೆಂಗಳೂರಿಗೆ ಹೋದವರು ಒಂದು ಕಾಳು ಸಾಸಿವೆ ತರುತ್ತಾರಾ? ಬೆಳೆ ತೆಗೆದವರು ಒಂದು ಕಾಳು ಆರಿಸಿಕೊಂಡು ಉಳಿದದ್ದನ್ನು ಹೊಲದಲ್ಲೇ ಬಿಟ್ಟು ಬರುತ್ತಾರಾ? ದೂರ ಹೆಚ್ಚಾದ ಹಾಗೆ ಚೀಲ ದೊಡ್ಡದಾಗಬೇಕು. ಕಂಪ್ಯೂಟರ್ ಓದುವುದೂ ಹೀಗೇ. ದೂರದ ತುದಿಯಿಂದ ಶುರು ಮಾಡಿ ಒಂದೊಂದೇ ಚೀಲ ಬಿಚ್ಚೋಣ.

ಹಾರ್ಡ್ ಡಿಸ್ಕ್ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚುಕಡಿಮೆ ಕಾಣೆಯಾಗಿದೆ. ಡೇಟಾ ಸೆಂಟರ್‌ಗಳಲ್ಲಿ ಇನ್ನೂ ರಾಶಿ ರಾಶಿ ಇದೆ. ಐಬಿಎಂ 1956ರಲ್ಲಿ ತಂದ ರಾಮ್ಯಾಕ್ ಯಂತ್ರದ ಡಿಸ್ಕ್‌ಗೆ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಬೇಕಾದ ಜಾಗ ಮುಟ್ಟಲು ಸರಾಸರಿ 600 ಮಿಲಿಸೆಕೆಂಡ್. ಇವತ್ತಿನ ಡಿಸ್ಕ್‌ಗೆ ಹತ್ತು ಹನ್ನೆರಡು ಮಿಲಿಸೆಕೆಂಡ್ ಸಾಕು. ಹಿಡಿಯುವ ಪ್ರಮಾಣ ಲಕ್ಷಾಂತರ ಪಟ್ಟು ಏರಿತು, ಮುಟ್ಟುವ ವೇಗ ಐವತ್ತು ಅರವತ್ತು ಪಟ್ಟಿಗೇ ನಿಂತಿತು. ಯಾಕೆ ಅಂದರೆ ಅಲ್ಲಿ ನಿಜವಾದ ಲೋಹದ ತೋಳು ಸರಿಯಬೇಕು, ನಿಜವಾದ ತಟ್ಟೆ ತಿರುಗಬೇಕು. ನಿಮಿಷಕ್ಕೆ 7,200 ಸುತ್ತು ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ಕಣ್ಣೆದುರೇ ದಾಟಿಹೋದರೆ ಇನ್ನೊಂದು ಸುತ್ತು ಕಾಯಬೇಕು. ಸರಾಸರಿ ಅರ್ಧ ಸುತ್ತು. ತೋಳು ಸರಿಯಲು ಇನ್ನೊಂದು ಎಂಟು ಮಿಲಿಸೆಕೆಂಡ್.

ಹಾಗಾಗಿ ಡಿಸ್ಕ್‌ನಲ್ಲಿ ಅಲ್ಲಿಂದೊಂದು ಇಲ್ಲಿಂದೊಂದು ಅಂತ 4 ಕೆಬಿ, ಅಂದರೆ ನಾಲ್ಕು ಸಾವಿರ ಚಿಲ್ಲರೆ ಬೈಟಿನ ಚೂರುಗಳನ್ನು ಓದಿದರೆ ಸೆಕೆಂಡಿಗೆ ಸುಮಾರು 80 ಚೂರು ಬರುತ್ತವೆ, ಅಂದರೆ 320 ಕೆಬಿ. ಅದೇ ಡಿಸ್ಕನ್ನು ಒಂದು ಕಡೆಯಿಂದ ಸಾಲಾಗಿ ಓದಿದರೆ ಸೆಕೆಂಡಿಗೆ 200 ಎಂಬಿ ಬರಬಹುದು. ಅದೇ ಯಂತ್ರ, ಅದೇ ತಟ್ಟೆ, ಆರುನೂರು ಪಟ್ಟು ವ್ಯತ್ಯಾಸ. ಇಲ್ಲಿ ಸ್ವಲ್ಪ ವಯಸ್ಸಾದವರಿಗೆ ನೆನಪಿರಬಹುದು, ಹಳೆಯ ಕಂಪ್ಯೂಟರ್‌ನಲ್ಲಿ ನಾಲ್ಕು ಪ್ರೋಗ್ರಾಂ ಒಟ್ಟಿಗೆ ತೆರೆದರೆ ಪೆಟ್ಟಿಗೆಯೊಳಗಿಂದ ಕಟಕಟ ಶಬ್ದ ಶುರುವಾಗುತ್ತಿತ್ತು. ಮೌಸ್ ಅಲ್ಲೇ ಹೆಪ್ಪುಗಟ್ಟುತ್ತಿತ್ತು. ರ್ಯಾಮ್ ಸಾಲದೆ ಕಂಪ್ಯೂಟರ್ ಡಿಸ್ಕನ್ನೇ ರ್ಯಾಮ್ ಮಾಡಿಕೊಂಡು ಒದ್ದಾಡುತ್ತಿದ್ದ ಶಬ್ದ ಅದು. ಅಂಗಡಿಗೆ ಹೋಗುವ ಬದಲು ಪ್ರತಿ ಸಲ ಬಿತ್ತನೆಗೆ ಹೋದ ಹಾಗೆ. ನಮ್ಮ ಲ್ಯಾಬಿನಲ್ಲಿ ಆ ಶಬ್ದ ಬಂದರೆ ನಾವು ಚಹಾ ಕುಡಿಯೋಕೆ ಎದ್ದು ಹೋಗುತ್ತಿದ್ದೆವು.

ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿ ಅದರ ಜೀವ. ನಿಮ್ಮ ಫೋನಿನಲ್ಲಿ, ಪೆನ್‌ಡ್ರೈವ್‌ನಲ್ಲಿ ಇರುವುದೂ ಅದೇ. ಸುತ್ತಲೂ ಕರೆಂಟ್ ಹರಿಯದ ಗೋಡೆ ಕಟ್ಟಿ ಒಳಗೆ ಒಂದಷ್ಟು ಎಲೆಕ್ಟ್ರಾನ್ ಕೂಡಿಹಾಕುತ್ತಾರೆ. ಪವರ್ ತೆಗೆದರೂ ಅವು ಓಡಿಹೋಗುವುದಿಲ್ಲ. ನನ್ನ ಪದ ನಿನ್ನೆ ರಾತ್ರಿ ಮಲಗಿದ್ದು ಅಲ್ಲೇ. ಈಗಿನ ಬಹಳಷ್ಟು ಎಸ್‌ಎಸ್‌ಡಿಗಳಲ್ಲಿ ಒಂದು ಕೋಶದಲ್ಲಿ 3 ಬಿಟ್ ತುಂಬಿಸುತ್ತಾರೆ. ಅದಕ್ಕೆ ಎಂಟು ಮಟ್ಟ ಬೇಕು. ಬಾವಿಯಲ್ಲಿ ನೀರು ಇದೆಯಾ ಇಲ್ಲವಾ ಅಂತ ನೋಡಿದರೆ ಸಾಲದು, ಎಷ್ಟನೇ ಮೆಟ್ಟಿಲಿನವರೆಗೆ ಇದೆ ಅಂತ ಹೇಳಬೇಕು. ಓದುವಾಗ ಈ ಮೆಟ್ಟಿಲಿಗಿಂತ ಮೇಲಿದೆಯಾ, ಆ ಮೆಟ್ಟಿಲಿಗಿಂತ ಮೇಲಿದೆಯಾ ಅಂತ ಕೇಳುತ್ತಾ ಹೋಗುತ್ತದೆ. ಅದಕ್ಕೇ ಹತ್ತಾರು ಮೈಕ್ರೊಸೆಕೆಂಡ್ ಹಿಡಿಯುವುದು.

ಬಂದ ಉತ್ತರದಲ್ಲಿ ತಪ್ಪೂ ಇರುತ್ತದೆ. ಇದು ಅನೇಕರಿಗೆ ಗೊತ್ತಿಲ್ಲ. ಫ್ಲ್ಯಾಶ್‌ನಿಂದ ಹಸಿಯಾಗಿ ಬಂದ ಬಿಟ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ತಿರುಗುಮುರುಗು ಆಗಿರುವುದು ಮಾಮೂಲು. ಎಸ್‌ಎಸ್‌ಡಿಯ ಒಳಗೇ ಒಂದು ಚಿಕ್ಕ ಪ್ರೊಸೆಸರ್ ಕೂತು, ಬರೆಯುವಾಗ ಜೊತೆಗೆ ಇಟ್ಟಿದ್ದ ತಾಳೆ ಲೆಕ್ಕ ನೋಡಿ, ತಪ್ಪು ತಿದ್ದಿ, ಆಮೇಲೆ ಹೊರಗೆ ಕೊಡುತ್ತದೆ. ನಮ್ಮ 224 ಎಸ್‌ಎಸ್‌ಡಿಯಿಂದ ಹೊರಬೀಳುವ ಮೊದಲೇ ಒಂದು ಪರೀಕ್ಷೆ ಪಾಸಾಗಿದೆ. ಓದುವುದೂ ಒಂದು ಪುಟದ ಲೆಕ್ಕದಲ್ಲಿ. ಒಂದು ಪುಟ ಅಂದರೆ ಸಾಮಾನ್ಯವಾಗಿ 16 ಕೆಬಿ. ಅದಕ್ಕಿಂತ ಸಣ್ಣ ಚಮಚ ಅಲ್ಲಿ ಇಲ್ಲ.

ಈ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ. ಹದಿನೈದು ಬೈಟ್‌ನ ನನ್ನ ಫೈಲ್ ಎಸ್‌ಎಸ್‌ಡಿಯಲ್ಲಿ ಎಷ್ಟು ಜಾಗ ಹಿಡಿದಿದೆ ಅಂತ ಕೇಳಿದೆ. ನೋಡಿ, 4 ಕೆಬಿ ಅನ್ನುತ್ತಿದೆ. ಒಬ್ಬನೇ ಪ್ರಯಾಣಿಕನಿಗೆ ಇಡೀ ಬಸ್ಸು. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಎಸ್‌ಎಸ್‌ಡಿಯ ಪುಟಕ್ಕಿಂತ ಚಿಕ್ಕದಾದ ತನ್ನದೇ 4 ಕೆಬಿ ಪುಟಗಳಲ್ಲಿ ವ್ಯವಹಾರ ಮಾಡುತ್ತದೆ. ಪ್ರೋಗ್ರಾಂ ಬಂದು ನನಗೆ ಈ ಫೈಲಿನ ಮೊದಲ ಬೈಟ್ ಕೊಡಿ ಅಂದಾಗ ಕರ್ನಲ್ ಮೊದಲು ತನ್ನ ಹತ್ತಿರ ರ್ಯಾಮ್‌ನಲ್ಲಿ ಆ ಪುಟ ಆಗಲೇ ಇದೆಯಾ ಅಂತ ನೋಡುತ್ತದೆ. ಇದ್ದರೆ ಅಲ್ಲಿಂದಲೇ ಕೊಟ್ಟು ಕಳಿಸುತ್ತದೆ. ಇಲ್ಲದಿದ್ದರೆ ಎಸ್‌ಎಸ್‌ಡಿಗೆ ಚೀಟಿ ಬರೆದು, ಕೇಳಿದ ಪ್ರೋಗ್ರಾಂಗೆ ನೀನು ಆ ಕಡೆ ಕೂತಿರು ಅಂತ ಹೇಳಿ, ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಹಚ್ಚುತ್ತದೆ. ಎಸ್‌ಎಸ್‌ಡಿ ತಾನೇ ನೇರವಾಗಿ ರ್ಯಾಮ್‌ನಲ್ಲಿ ಡೇಟಾ ಇಳಿಸಿ, ಇಳಿಸಿದ್ದೇನೆ ಅಂತ ಬೆಲ್ ಹೊಡೆಯುತ್ತದೆ. ಬೆಂಗಳೂರಿಗೆ ಹೋದವರು ವಾಪಸ್ ಬರುವವರೆಗೆ ಮನೆಯವರೆಲ್ಲ ಬಾಗಿಲಲ್ಲಿ ನಿಂತಿರುವುದಿಲ್ಲ ಅಲ್ವಾ?

ಫೈಲ್ ದೊಡ್ಡದಿದ್ದು, ನೀವು ಮೊದಲಿಂದ ಸಾಲಾಗಿ ಓದುತ್ತಿದ್ದೀರಿ ಅಂತ ಗೊತ್ತಾದರೆ ಕರ್ನಲ್ ಮುಂದಿನ ಪುಟಗಳನ್ನೂ ಕೇಳದೇ ತರಿಸಿ ಇಡುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 128 ಕೆಬಿವರೆಗೆ ಹೀಗೆ ಮುಂಗಡ ತರುತ್ತದೆ. ಒಮ್ಮೆ ತಂದದ್ದನ್ನು ಬಿಸಾಡುವುದೂ ಇಲ್ಲ. ಜಾಗ ಇರುವವರೆಗೂ ಇಟ್ಟುಕೊಂಡಿರುತ್ತದೆ. ದೊಡ್ಡ ಫೈಲ್ ಎರಡನೇ ಸಲ ತೆರೆದಾಗ ಪಟ್ ಅಂತ ತೆರೆಯುತ್ತದಲ್ಲ, ಅದು ಇದಕ್ಕೇ.

ಇಲ್ಲೊಂದು ಅಡ್ಡ ಮಾತು. ಫೋನ್‌ಗೆ ರ್ಯಾಮ್ ಕ್ಲೀನರ್ ಅಂತ ಆಪ್‌ಗಳು ಬರುತ್ತವೆ. ರ್ಯಾಮ್ ತುಂಬಿದೆ, ಒತ್ತಿ, ಖಾಲಿ ಮಾಡುತ್ತೇವೆ ಅನ್ನುತ್ತವೆ. ದಯವಿಟ್ಟು ಹಾಕಿಕೊಳ್ಳಬೇಡಿ. ಖಾಲಿ ರ್ಯಾಮ್ ಅಂದರೆ ಬಾಡಿಗೆ ಕಟ್ಟಿಯೂ ಸಾಮಾನು ಇಡದ ಗೋಡೌನ್. ಬೇರೆ ಯಾರಿಗಾದರೂ ಜಾಗ ಬೇಕಾದಾಗ ಸಿಸ್ಟಂ ತಾನೇ ಬಿಟ್ಟುಕೊಡುತ್ತದೆ. ನೀವು ಬಲವಂತವಾಗಿ ಖಾಲಿ ಮಾಡಿಸಿದರೆ ಅದೇ ಸಾಮಾನನ್ನು ಮತ್ತೆ ದೂರದಿಂದ ಹೊತ್ತು ತರಬೇಕು. ಬ್ಯಾಟರಿ ನಿಮ್ಮದೇ ಹೋಗುವುದು.

ಇನ್ನೊಂದು ಅಡ್ಡ ಮಾತು, ಇದು ನನ್ನ ಮಾನ ಕಳೆದದ್ದು. ಮೊದಲ ಕೆಲಸಕ್ಕೆ ಸೇರಿದ ಹೊಸದರಲ್ಲಿ 1 ಜಿಬಿ ಲಾಗ್ ಫೈಲ್ ಓದಿ ಸಾಲುಗಳನ್ನು ಎಣಿಸುವ ಪ್ರೋಗ್ರಾಂ ಬರೆಯಲು ಹೇಳಿದರು. ಬರೆದೆ. ಚೆನ್ನಾಗಿಯೇ ಎಣಿಸುತ್ತಿತ್ತು, ಆದರೆ ಮುಗಿಯುತ್ತಲೇ ಇರಲಿಲ್ಲ. ಡಿಸ್ಕ್ ಸ್ಲೋ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಪಕ್ಕದ ಟೇಬಲಿನ ಅಣ್ಣ ಒಬ್ಬರು ಬಂದು ನನ್ನ ಕೋಡ್ ನೋಡಿದರು. ಎರಡು ನಿಮಿಷ ಸುಮ್ಮನಿದ್ದು, "ಏನಪ್ಪಾ, ಒಂದೊಂದೇ ಬೈಟ್ ಕೇಳ್ತಾ ಇದ್ದೀಯಲ್ಲ, ಕರ್ನಲ್‌ಗೆ ಬೇರೆ ಕೆಲಸ ಇಲ್ವಾ?" ಅಂದರು. ನಿಜ. ಒಂದು ಜಿಬಿ ಅಂದರೆ 107 ಕೋಟಿ ಬೈಟ್. ಕರ್ನಲ್‌ನ ಬಾಗಿಲನ್ನು ನಾನು 107 ಕೋಟಿ ಸಲ ತಟ್ಟುತ್ತಿದ್ದೆ. ಒಳಗೆ ಪುಟ ರೆಡಿಯಾಗಿ ಕೂತಿತ್ತು, ಆದರೆ ಬಾಗಿಲು ತಟ್ಟುವುದಕ್ಕೂ ಪ್ರತಿ ಸಲ ಒಂದಷ್ಟು ನೂರು ನ್ಯಾನೊಸೆಕೆಂಡ್ ಖರ್ಚು. ಒಂದು ಸಲಕ್ಕೆ 64 ಕೆಬಿ ಕೇಳುವ ಹಾಗೆ ಒಂದೇ ಸಾಲು ಬದಲಾಯಿಸಿದೆ. ಬಾಗಿಲು ತಟ್ಟಿದ್ದು 16,384 ಸಲ. ನಾನು ಕುರ್ಚಿಯಲ್ಲಿ ಸರಿಯಾಗಿ ಕೂರುವುದರೊಳಗೆ ಮುಗಿಯಿತು. ಡಿಸ್ಕ್ ಪಾಪ ಏನೂ ಮಾಡಿರಲಿಲ್ಲ.

ಈಗ ರ್ಯಾಮ್‌ಗೆ ಬಂದೆವು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇಡೀ ಕಂಪ್ಯೂಟರ್‌ನಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು.

ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ 1966ರಲ್ಲಿ ಒಂದು ಸರಳ ಉಪಾಯ ಹೊಳೆಯಿತು, 1968ರಲ್ಲಿ ಪೇಟೆಂಟ್ ಸಿಕ್ಕಿತು. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಅಷ್ಟೇ. ಕೆಪಾಸಿಟರ್ ಒಂದು ಪುಟ್ಟ ಕೊಡ, ಟ್ರಾನ್ಸಿಸ್ಟರ್ ಅದರ ನಲ್ಲಿ. ಕೊಡ ತುಂಬಿದ್ದರೆ 1, ಖಾಲಿ ಇದ್ದರೆ 0. ನಿಮ್ಮ 8 ಜಿಬಿ ರ್ಯಾಮ್‌ನಲ್ಲಿ ಇಂಥ ಕೊಡಗಳು ಸುಮಾರು 6,870 ಕೋಟಿ ಇವೆ. ಒಂದು ತುಂಬಿದ ಕೊಡ ಅಂದರೆ ಹತ್ತಾರು ಸಾವಿರ ಎಲೆಕ್ಟ್ರಾನ್ ಅಷ್ಟೇ.

ತೊಂದರೆ ಏನೆಂದರೆ ಇವೆಲ್ಲ ತೂತು ಕೊಡ. ಸೋರುತ್ತವೆ. ಹಾಗಾಗಿ ಪ್ರತಿ ಕೊಡವನ್ನೂ 64 ಮಿಲಿಸೆಕೆಂಡಿಗೆ ಒಮ್ಮೆಯಾದರೂ ನೋಡಿ, ತುಂಬಿದ್ದದ್ದನ್ನು ಮತ್ತೆ ತುಂಬಿಸಬೇಕು. ನೀವು ಈ ಮಾತು ಕೇಳುತ್ತಿರುವ ಹೊತ್ತಿನಲ್ಲಿ ನಿಮ್ಮ ಜೇಬಿನ ಫೋನು ತನ್ನ ನೆನಪನ್ನೆಲ್ಲ ಸೆಕೆಂಡಿಗೆ ಹದಿನೈದು ಸಲವಾದರೂ ಹೊಸದಾಗಿ ಬರೆದುಕೊಳ್ಳುತ್ತಿದೆ.

ಓದುವುದು ಹೇಗೆ? ಅಕ್ಕಸಾಲಿಗರ ತಕ್ಕಡಿ ನೋಡಿದ್ದೀರಲ್ಲ, ಗಾಳಿ ತಾಗಿದರೂ ಅಲುಗಾಡುತ್ತದೆ ಅಂತ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಓದುವ ತಂತಿಯನ್ನು ಮೊದಲು ಹಾಗೆ ಸರಿಯಾಗಿ ಅರ್ಧ ವೋಲ್ಟೇಜ್‌ಗೆ ತಂದು ಸಮತೂಕದಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಕೊಡದ ನಲ್ಲಿ ತೆರೆಯುತ್ತಾರೆ. ಕೊಡದ ಎಲೆಕ್ಟ್ರಾನ್‌ಗಳು ತಂತಿಗೆ ಹರಿದರೆ ತಂತಿಯ ಮಟ್ಟ ಒಂದು ಗುಲಗಂಜಿಯಷ್ಟು ಬದಲಾಗುತ್ತದೆ. ತಂತಿ ದೊಡ್ಡದು, ಕೊಡ ಪುಟ್ಟದು. ಆ ಗುಲಗಂಜಿ ತೂಕದ ಓಲಾಟ ಎತ್ತ ಕಡೆಗೆ ಅಂತ ನೋಡಿ, ಅತ್ತ ಕಡೆಗೇ ತಟ್ಟೆಯನ್ನು ಪೂರ್ತಿ ಒತ್ತಿಬಿಡುವ ಒಂದು ಸರ್ಕ್ಯೂಟ್ ತುದಿಯಲ್ಲಿದೆ. ಮೇಲೆ ಹೋದರೆ 1, ಕೆಳಗೆ ಬಿದ್ದರೆ 0.

ಗಮನಿಸಿದಿರಾ, ಓದಿದ ಕ್ಷಣದಲ್ಲೇ ಕೊಡ ಹಾಳಾಯಿತು. ಒಳಗಿದ್ದದ್ದು ತಂತಿಗೆ ಹರಿದುಹೋಯಿತು. ರ್ಯಾಮ್ ಓದುವುದು ಅಂದರೆ ಅಳಿಸುವುದು. ಹಾಗಾಗಿ ಓದಿದ್ದನ್ನು ತಕ್ಷಣ ವಾಪಸ್ ತುಂಬಿಸಲೇಬೇಕು. ಇದು ಹೊಸ ಕಾಯಿಲೆ ಏನಲ್ಲ. ಅಮೆರಿಕದ ಎಂಐಟಿಯ ವರ್ಲ್‌ವಿಂಡ್ ಯಂತ್ರಕ್ಕೆ 1953ರಲ್ಲಿ ಹಾಕಿದ, ಫೆರೈಟ್ ಅನ್ನುವ ಕಾಂತೀಯ ವಸ್ತುವಿನ ಪುಟ್ಟ ಉಂಗುರಗಳ ಮೆಮೊರಿಯಲ್ಲೂ ಓದಿದರೆ ಅಳಿಸುತ್ತಿತ್ತು. ಮುಂಬೈಯ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ 1960ರಲ್ಲಿ ಕೆಲಸ ಶುರು ಮಾಡಿದ ಟಿಫ್ರ್ಯಾಕ್ ಯಂತ್ರದಲ್ಲೂ ಅಂಥದ್ದೇ ಉಂಗುರಗಳ ಮೆಮೊರಿ ಇತ್ತು.

ಇನ್ನು ಬುಟ್ಟಿ. ಒಂದು ನಲ್ಲಿ ಮಾತ್ರ ತೆರೆಯಲು ಅಲ್ಲಿ ವ್ಯವಸ್ಥೆಯೇ ಇಲ್ಲ. ಒಂದು ಇಡೀ ಸಾಲಿನ ನಲ್ಲಿಗಳು ಒಂದೇ ಹಗ್ಗಕ್ಕೆ ಕಟ್ಟಿವೆ. ಎಳೆದರೆ ಎಲ್ಲ ಒಟ್ಟಿಗೆ ತೆರೆಯುತ್ತವೆ. ಎಂಟು ಚಿಪ್ ಇರುವ ಡಿಡಿಆರ್4 ಅನ್ನುವ ಬಗೆಯ ಸಾಮಾನ್ಯ ರ್ಯಾಮ್ ಪಟ್ಟಿಯಲ್ಲಿ ಒಂದು ಸಾಲು ಅಂದರೆ 8 ಕೆಬಿ. ನಮ್ಮ 224 ಒಂದಕ್ಕಾಗಿ 65,536 ಕೊಡಗಳು ಬರಿದಾಗಿ ಮತ್ತೆ ತುಂಬಿದವು. ತೆರೆದ ಸಾಲು ತಕ್ಕಡಿಗಳ ಮೇಲೆ ಹಾಗೇ ನಿಂತಿರುತ್ತದೆ. ಮುಂದಿನ ಬೈಟ್ ಅದೇ ಸಾಲಿನಲ್ಲಿದ್ದರೆ ಬೇಗ ಸಿಗುತ್ತದೆ. ಡಿಡಿಆರ್4-3200ರಲ್ಲಿ 13.75 ನ್ಯಾನೊಸೆಕೆಂಡ್. ಬೇರೆ ಸಾಲಿನಲ್ಲಿದ್ದರೆ ಈ ಸಾಲು ಮುಚ್ಚಬೇಕು, ಆ ಸಾಲು ತೆರೆಯಬೇಕು, ಆಮೇಲೆ ಓದಬೇಕು. ಮೂರೂ ಸೇರಿ ನಲವತ್ತು ದಾಟುತ್ತದೆ. ಮೇಲೆ ಹೋಗಿ ಬರುವ ದಾರಿಖರ್ಚು.

ಆ 13.75 ಅನ್ನುವುದನ್ನು ಸ್ವಲ್ಪ ನೆನಪಿಡಿ. ಇಪ್ಪತ್ತು ವರ್ಷದ ಹಿಂದೆ ನಾವು ಡಿಡಿಆರ್-400 ರ್ಯಾಮ್ ಕೊಳ್ಳುತ್ತಿದ್ದೆವು. ಅದರಲ್ಲಿ ಇದೇ ಕೆಲಸಕ್ಕೆ 15 ನ್ಯಾನೊಸೆಕೆಂಡ್. ಸೆಕೆಂಡಿಗೆ ಸಾಗಿಸುವ ಪ್ರಮಾಣ ಆಗ 3.2 ಜಿಬಿ, ಆಮೇಲೆ 25.6 ಜಿಬಿ. ಎಂಟು ಪಟ್ಟು. ಕಾಯುವ ಹೊತ್ತು ಮಾತ್ರ ಹದಿನೈದರಿಂದ ಹದಿಮೂರು ಮುಕ್ಕಾಲು. ರಸ್ತೆ ಎಂಟು ಲೇನ್ ಆಯಿತು, ಊರು ಇದ್ದಲ್ಲೇ ಇದೆ. ಅಂಗಡಿಯಲ್ಲಿ 3200 ಅಂತ ದೊಡ್ಡದಾಗಿ ಬರೆದಿರುವ ನಂಬರ್ ಲೇನ್‌ಗಳದ್ದು. ದೂರದ ನಂಬರನ್ನು ಯಾರೂ ದೊಡ್ಡದಾಗಿ ಬರೆಯುವುದಿಲ್ಲ.

ತೂತು ಕೊಡದ ಇನ್ನೊಂದು ಕಥೆ ಹೇಳಿ ಮುಂದೆ ಹೋಗುತ್ತೇನೆ. ಪವರ್ ತೆಗೆದ ತಕ್ಷಣ ರ್ಯಾಮ್ ಎಲ್ಲ ಮರೆಯುತ್ತದೆ ಅಂತ ನಾವು ಕಲಿತಿದ್ದೇವೆ. ತಕ್ಷಣ ಅಲ್ಲ. ಪ್ರಿನ್ಸ್‌ಟನ್‌ನ ಸಂಶೋಧಕರು 2008ರಲ್ಲಿ ತೋರಿಸಿದರು, ಕೊಡಗಳು ಪೂರ್ತಿ ಬರಿದಾಗಲು ಕೆಲವು ಸೆಕೆಂಡ್ ಬೇಕು. ಧೂಳು ಊದುವ ಸ್ಪ್ರೇ ಡಬ್ಬ ತಲೆಕೆಳಗು ಮಾಡಿ ಚಿಪ್ ಮೇಲೆ ಹೊಡೆದು ತಣ್ಣಗೆ ಮಾಡಿದರೆ ನಿಮಿಷಗಟ್ಟಲೆ ಉಳಿಯುತ್ತದೆ. ಅಷ್ಟರಲ್ಲಿ ರ್ಯಾಮ್ ಓದಿ ಡಿಸ್ಕಿನ ಬೀಗದ ಕೀಲಿ ಎತ್ತಿಕೊಳ್ಳಬಹುದು.

ರ್ಯಾಮ್‌ನಿಂದ ಪ್ರೊಸೆಸರ್‌ಗೆ. ಇಲ್ಲಿ ಬುಟ್ಟಿಯ ಅಳತೆ 64 ಬೈಟ್. ಇಂಟೆಲ್, ಎಎಂಡಿ ಎರಡರಲ್ಲೂ ಅಷ್ಟೇ. ಇದಕ್ಕೆ ಕ್ಯಾಶ್ ಲೈನ್ ಅನ್ನುತ್ತಾರೆ. ಪ್ರೊಸೆಸರ್ ಒಂದು ಬೈಟ್ ಕೇಳಿದರೂ 64 ಬಂದು ಎಲ್1ರಲ್ಲಿ ಕೂರುತ್ತವೆ. ನನ್ನ ಫೈಲಿನ ವಿಷಯದಲ್ಲಿ ಬಂದ ಬುಟ್ಟಿಯಲ್ಲಿ ಏನಿತ್ತು ಗೊತ್ತಾ? ನಮ್ಮ 15 ಬೈಟ್, ಉಳಿದ 49 ಬರೀ ಸೊನ್ನೆ. ಪುಟದಲ್ಲಿ ಫೈಲ್ ಮುಗಿದ ಮೇಲಿನ ಜಾಗವನ್ನು ಕರ್ನಲ್ ಸೊನ್ನೆ ತುಂಬಿ ಇಟ್ಟಿರುತ್ತದೆ, ಹಿಂದೆ ಅಲ್ಲಿದ್ದ ಇನ್ಯಾರದೋ ಗುಟ್ಟು ಹೊರಬೀಳದ ಹಾಗೆ. ಉದ್ದದ ಕನ್ನಡ ಬರಹವಾಗಿದ್ದರೆ ಒಂದು ಬುಟ್ಟಿಗೆ 21 ಗುರುತು, ಜೊತೆಗೆ ಇಪ್ಪತ್ತೆರಡನೆಯದರ ಮೊದಲ ಬೈಟ್. ಅದರ ಉಳಿದ ಎರಡು ಮುಂದಿನ ಬುಟ್ಟಿಯಲ್ಲಿ.

ಅಂತೂ 224 ಬಂತು. ಪ್ರೊಸೆಸರ್ ಅದರ ಮೊದಲ ನಾಲ್ಕು ಬಿಟ್ ನೋಡುತ್ತದೆ: 1110. ಓ, ಇದು ಮೂರು ಬೈಟಿನ ಅಕ್ಷರ, ಇನ್ನೆರಡು ಬೇಕು. 178, 149. ಅವು ಆಗಲೇ ಪಕ್ಕದಲ್ಲೇ ಕೂತಿವೆ. ಒಂದೊಂದು ನ್ಯಾನೊಸೆಕೆಂಡ್. ಮೊದಲನೆಯದಕ್ಕೆ ಬೆಂಗಳೂರಿನ ಬಸ್ಸು, ಎರಡನೆಯದಕ್ಕೆ ಒಗ್ಗರಣೆ ಡಬ್ಬಿ.

ಮಾತು ಶುರುವಾಗುವ ಮೊದಲು ಇಲ್ಲಿ ಎರಡು ಪ್ರೋಗ್ರಾಂ ಓಡಿಸಿದೆನಲ್ಲ, ಅದಕ್ಕೆ ಈಗ ಉತ್ತರ. ಹತ್ತು ಸಾವಿರ ಸಾಲು, ಹತ್ತು ಸಾವಿರ ಕಂಬಸಾಲು ಇರುವ ಒಂದು ಕೋಷ್ಟಕ. ಪ್ರತಿ ಮನೆಯಲ್ಲಿ 4 ಬೈಟಿನ ಒಂದು ಸಂಖ್ಯೆ. ಒಟ್ಟು 40 ಕೋಟಿ ಬೈಟ್. ಎರಡೂ ಪ್ರೋಗ್ರಾಂ ಮಾಡಿದ್ದು ಅದೇ ಕೂಡುವ ಲೆಕ್ಕ. ಮೊದಲನೆಯದು ಅಡ್ಡಕ್ಕೆ ಕೂಡುತ್ತಾ ಹೋಯಿತು, ಎರಡನೆಯದು ಉದ್ದಕ್ಕೆ. ಮೊದಲನೆಯದು ನಾನು ಕೀಲಿ ಒತ್ತಿ ತಲೆ ಎತ್ತುವುದರೊಳಗೆ ಮುಗಿದಿತ್ತು. ಎರಡನೆಯದಕ್ಕೆ ನೀವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ.

ಸಿ ಭಾಷೆ ಕೋಷ್ಟಕವನ್ನು ಸಾಲು ಸಾಲಾಗಿ ಮೆಮೊರಿಯಲ್ಲಿ ಇಡುತ್ತದೆ. ಅಡ್ಡಕ್ಕೆ ಹೋದರೆ ಒಂದು ಬುಟ್ಟಿ ತಂದರೆ 16 ಸಂಖ್ಯೆ ಸಿಕ್ಕವು, ಹದಿನಾರೂ ಖರ್ಚಾದವು. ಪ್ರೊಸೆಸರ್ ಕೂಡ ನಿಮ್ಮ ನಡಿಗೆ ನೋಡಿ ಮುಂದಿನ ಬುಟ್ಟಿ ಮೊದಲೇ ತರಿಸಿರುತ್ತದೆ. ಉದ್ದಕ್ಕೆ ಹೋದರೆ ಪ್ರತಿ ಹೆಜ್ಜೆಗೂ 40,000 ಬೈಟ್ ಜಿಗಿತ. ಬುಟ್ಟಿ ತಂದು ಒಂದು ಸಂಖ್ಯೆ ತೆಗೆದುಕೊಂಡು ಹದಿನೈದನ್ನು ಹಾಗೇ ಬಿಟ್ಟಂತೆ. ಇರಲಿ, ಆಮೇಲೆ ಬಂದು ತೆಗೆದುಕೊಳ್ಳೋಣ ಅಂದರೆ ಅಷ್ಟರಲ್ಲಿ ಹತ್ತು ಸಾವಿರ ಬುಟ್ಟಿ ಬಂದಿರುತ್ತವೆ, ಎಲ್1ರಲ್ಲಿ ಇರುವ ಜಾಗವೇ 32ರಿಂದ 48 ಕೆಬಿ. ಮೊದಲ ಬುಟ್ಟಿಯನ್ನು ಯಾವಾಗಲೋ ಹೊರಗೆ ತಳ್ಳಿ ಆಗಿದೆ. ಫೋರ್ಟ್ರಾನ್‌ನಲ್ಲಿ ಬರೆದಿದ್ದರೆ ಕಥೆ ಉಲ್ಟಾ ಆಗುತ್ತಿತ್ತು, ಅದು ಕಂಬಸಾಲಾಗಿ ಇಡುತ್ತದೆ. ಅಂದ ಹಾಗೆ, ಜಾಣತನ ತೋರಿಸಬೇಡ ಅಂತ ಕಂಪೈಲರ್‌ಗೆ, ಅಂದರೆ ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂಗೆ, ಮೊದಲೇ ಹೇಳಿಟ್ಟಿದ್ದೆ. ಇಲ್ಲದಿದ್ದರೆ ಕೆಲವು ಕಂಪೈಲರ್‌ಗಳು ತಾವೇ ಸಾಲು ಅದಲುಬದಲು ಮಾಡಿ ನನ್ನ ಪ್ರದರ್ಶನ ಕೆಡಿಸಿಬಿಡುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಪರೀಕ್ಷೆಯಲ್ಲಿ ಲಿಂಕ್ಡ್ ಲಿಸ್ಟ್‌ನ ನಡುವೆ ಹೊಸದನ್ನು ಸೇರಿಸುವುದು ಸುಲಭ, ಅರೇಯಲ್ಲಿ ಕಷ್ಟ ಅಂತ ಬರೆಯುತ್ತೀರಿ. ಬರೆಯಿರಿ, ಮಾರ್ಕ್ಸ್ ಬರುತ್ತದೆ. ಅರೇ ಅಂದರೆ ಒಂದರ ಪಕ್ಕ ಒಂದು ಸಾಲಾಗಿ ಕಟ್ಟಿದ ಮನೆಗಳು. ಆದರೆ ಲಿಂಕ್ಡ್ ಲಿಸ್ಟ್ ಅಂದರೆ ಒಂದು ಮನೆಗೆ ಹೋಗಿ ಮುಂದಿನ ಮನೆಯ ವಿಳಾಸ ಕೇಳುವುದು, ಆ ಮನೆ ಊರಾಚೆ ಇರಬಹುದು. ಮುಂದಿನದು ಎಲ್ಲಿ ಅಂತ ಇದನ್ನು ಓದುವವರೆಗೆ ಗೊತ್ತೇ ಇಲ್ಲ, ಹಾಗಾಗಿ ಮುಂಗಡ ತರಿಸುವುದೂ ಆಗದು. ಪ್ರತಿ ಹೆಜ್ಜೆಗೂ ದಿನಸಿ ಅಂಗಡಿಗೆ ಓಟ. ನನ್ನ ಅನುಭವದಲ್ಲಿ ಸಾಮಾನ್ಯ ಕೆಲಸಕ್ಕೆ ಹತ್ತರಲ್ಲಿ ಒಂಬತ್ತು ಸಲ ಪೆದ್ದು ಅರೇಯೇ ಗೆದ್ದಿದೆ.

ಕ್ಯಾಶ್‌ನ ಒಂದು ನ್ಯಾನೊಸೆಕೆಂಡ್, ರ್ಯಾಮ್‌ನ ನೂರು, ಈ ವ್ಯತ್ಯಾಸ ಕಳ್ಳರಿಗೂ ಉಪಯೋಗಕ್ಕೆ ಬಂತು. ನೀವು ಅಡುಗೆಮನೆಯಲ್ಲಿ ಏನು ಮಾಡುತ್ತಿದ್ದೀರಿ ಅಂತ ನನಗೆ ಕಾಣುವುದಿಲ್ಲ. ಆದರೆ ಆಮೇಲೆ ನಾನೇ ಹೋಗಿ ಸಾಸಿವೆ ಕೇಳಿ, ಎಷ್ಟು ಹೊತ್ತಿಗೆ ಕೊಟ್ಟರು ಅಂತ ಎಣಿಸಿದರೆ ಸಾಸಿವೆ ಈಗಷ್ಟೇ ಡಬ್ಬಿಗೆ ಬಂದಿತ್ತಾ ಇಲ್ಲವಾ ಅಂತ ತಿಳಿಯುತ್ತದೆ. ಜನವರಿ 2018ರಲ್ಲಿ ಹೊರಬಿದ್ದ ಮೆಲ್ಟ್‌ಡೌನ್, ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ದೋಷಗಳಲ್ಲಿ ಗುಟ್ಟು ಹೊರಬಂದದ್ದು ಹೀಗೇ, ಗಡಿಯಾರ ನೋಡಿ.

ಕೊನೆಗೆ ನೀವು ಕೇಳಿದ ಎರಡು ಪ್ರಶ್ನೆ. ಹಳೇ ಲ್ಯಾಪ್‌ಟಾಪ್‌ಗೆ ರ್ಯಾಮ್ ಹಾಕಿಸಲೋ ಎಸ್‌ಎಸ್‌ಡಿ ಹಾಕಿಸಲೋ ಅಂತ ಒಬ್ಬರು ಕೇಳಿದರು. ಅದರಲ್ಲಿ ಇನ್ನೂ ತಿರುಗುವ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ, ಯೋಚನೆಯೇ ಬೇಡ. ನಾಲ್ಕು ತಿಂಗಳ ಬೆಳೆ ಒಂದು ದಿನದ ಬಸ್ ಪ್ರಯಾಣ ಆಗುತ್ತದೆ. ಆಮೇಲೂ ಹತ್ತು ಟ್ಯಾಬ್ ತೆರೆದರೆ ತಡವರಿಸಿದರೆ ರ್ಯಾಮ್.

ಇನ್ನೊಬ್ಬರು ಹಿರಿಯರು, ಮಗಳ ಮದುವೆ ವಿಡಿಯೊ ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ, ಎಷ್ಟು ವರ್ಷ ಇರುತ್ತದೆ ಅಂದರು. ಯಜಮಾನರೇ, ಅಲ್ಲಿರುವುದು ಗೋಡೆ ಕಟ್ಟಿ ಕೂಡಿಹಾಕಿದ ಎಲೆಕ್ಟ್ರಾನ್‌ಗಳು. ಗೋಡೆ ಗಟ್ಟಿ, ಆದರೆ ವರ್ಷಗಳು ಹೋದ ಹಾಗೆ ಒಂದೊಂದೇ ನುಸುಳುತ್ತವೆ. ಬೀರು ಬಿಸಿಯಾಗುವ ಜಾಗದಲ್ಲಿದ್ದರೆ ಇನ್ನೂ ಬೇಗ. ಗ್ಯಾರಂಟಿ ನಾನು ಕೊಡಲಾರೆ. ಈ ಭಾನುವಾರ ತೆಗೆದು ಒಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಇನ್ನೊಂದು ಕಾಪಿ ಮಗಳ ಮನೆಯಲ್ಲಿ ಇರಲಿ. ಎರಡು ಮೂರು ವರ್ಷಕ್ಕೊಮ್ಮೆ ಹೊಸದಕ್ಕೆ ದಾಟಿಸಿ. ಕಾಪಿ ಮಾಡಿದ ಮೇಲೆ ಸುಮ್ನೆ ಬಿಡಬೇಡಿ, ಒಂದು ಸಲ ಪೂರ್ತಿ ಹಾಕಿ ನೋಡಿ.